ಮಗಳಿಗೊಂದು ಪತ್ರ: ಮೊದಲ ಪಾಠಕ್ಕೆ ಮುಂಚೆ

ತೀರ್ಥಹಳ್ಳಿ
ಸೆಪ್ಟೆಂಬರ್ 30

ಪ್ರೀತಿಯ ಪುಟ್ಟೀ,

ನಾಳೆ ಅಕ್ಟೋಬರ್ 1. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ನಿನ್ನ ಸೆಮಿಸ್ಟರ್ ಶುರು. ಬೆಳಗ್ಗೆ ಎಂಟೂ ಮುಕ್ಕಾಲಿಗೆ ನೀನು ಮೊದಲ ಪಾಠಕ್ಕೆ ಕೂರುವಾಗ ನಮಗಿಲ್ಲಿ ಐದೂಕಾಲು. ಅಮ್ಮ ಐದಕ್ಕೇ ಎದ್ದು ದೀಪ ಹಚ್ಚುತ್ತಾಳಂತೆ. ನಾನೂ ಎದ್ದಿರುತ್ತೇನೆ. ನಿನಗೆ ಫೋನ್ ಮಾಡುವುದಿಲ್ಲ, ಗಾಬರಿಯಾಗಬೇಡ. ಸುಮ್ನೆ ಎದ್ದಿರುತ್ತೇವೆ ಅಷ್ಟೆ.

ಫೋನಿನಲ್ಲಿ ಊಟ ಆಯ್ತಾ, ರೂಮು ಸರಿ ಇದೆಯಾ, ದುಡ್ಡು ಸಾಕಾ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ನಾನು ಹೇಳಬೇಕು ಅಂದುಕೊಂಡಿದ್ದು ಪ್ರತಿ ಸಲ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಕೇಳಿದ್ದೆ. 'ಅಪ್ಪಾ, ನೀನು ಪಿಯುಸಿಯಲ್ಲಿ ಸೈನ್ಸ್ ತಗೊಂಡಿದ್ದೆಯಂತೆ. ಮತ್ತೆ ಕನ್ನಡ ಮೇಷ್ಟ್ರು ಹೇಗಾದೆ?' ಅಂತ. ಕನ್ನಡ ಇಷ್ಟ ಇತ್ತು, ಬಂದೆ ಅಂದಿದ್ದೆ. ಇಷ್ಟ ಇದ್ದಿದ್ದು ನಿಜ. ಆದರೆ ಸೈನ್ಸ್ ಬಿಟ್ಟಿದ್ದು ಅದಕ್ಕಲ್ಲ.

1986ರಲ್ಲಿ ನಾನು ಪಿಯುಸಿಗೆ ಅಂತ ಊರಿಂದ ಶಿವಮೊಗ್ಗಕ್ಕೆ ಹೋದೆ. ಹತ್ತನೇ ತರಗತಿವರೆಗೆ ಎಲ್ಲ ಕನ್ನಡದಲ್ಲೇ ಓದಿದ್ದು. ವೇಗೋತ್ಕರ್ಷ, ಘರ್ಷಣೆ, ಗುರುತ್ವ ಎಲ್ಲ ಚೆನ್ನಾಗಿಯೇ ಗೊತ್ತಿತ್ತು. ಅಲ್ಲಿ ಮೊದಲ ದಿನವೇ ಅವೆಲ್ಲ ಇಂಗ್ಲಿಷ್ ಹೆಸರಿನಲ್ಲಿ ಬಂದವು, ಒಂದೂ ಗುರುತು ಸಿಗಲಿಲ್ಲ. ಪಾಠ ಮುಗಿಸಿ ಮೇಷ್ಟ್ರು 'ಡೌಟ್ಸ್?' ಅಂತ ಕೇಳುತ್ತಿದ್ದರು. ಎಂಬತ್ತು ಜನ ಇದ್ದೆವು. ಯಾರೂ ಉಸಿರು ಬಿಡುತ್ತಿರಲಿಲ್ಲ. ನಾನೂ ತಲೆ ತಗ್ಗಿಸಿ ಕೂರುತ್ತಿದ್ದೆ. ಇಂಗ್ಲಿಷಿನಲ್ಲಿ ಕೇಳಲು ಬಾರದು, ಕನ್ನಡದಲ್ಲಿ ಕೇಳಲು ನಾಚಿಕೆ.

ಟಾರ್ಕ್ ಅಂದರೆ ಏನು ಅಂತ ಕೇಳಲು ನೋಟ್‌ಬುಕ್ ಹಿಡಿದುಕೊಂಡು ಮೂರು ಸಲ ಸ್ಟಾಫ್ ರೂಮಿನ ಬಾಗಿಲ ತನಕ ಹೋದೆ. ಮೂರು ಸಲವೂ ಹಾಗೇ ವಾಪಸ್ ಬಂದೆ. ವರ್ಷದ ಕೊನೆಗೆ ಭೌತಶಾಸ್ತ್ರದಲ್ಲಿ ಫೇಲ್. ಅಜ್ಜ ಬೈಯಲಿಲ್ಲ, ಆರ್ಟ್ಸ್‌ಗೆ ಸೇರಿಸಿದರು. ಮುಂದಿನದು ನಿನಗೆ ಗೊತ್ತಿದೆ.

ಇಪ್ಪತ್ತು ವರ್ಷ ಆದಮೇಲೆ ಒಂದು ಮದುವೆ ಮನೆಯಲ್ಲಿ ಆ ಮೇಷ್ಟ್ರು ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಮಾತಿಗೆ ಮಾತು ಬಂದು ಇದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. 'ಅಯ್ಯೋ ಮಾರಾಯ, ನಾನೂ ಕನ್ನಡ ಮೀಡಿಯಮ್ಮಿನವನೇ. ಒಳಗೆ ಬಂದು ಕೇಳಿದ್ದರೆ ಕನ್ನಡದಲ್ಲೇ ಹೇಳಿಕೊಡುತ್ತಿದ್ದೆನಲ್ಲೋ' ಅಂದರು. ನನಗೆ ಆಮೇಲೆ ಊಟ ಸೇರಲಿಲ್ಲ.

ಕನ್ನಡ ಮೇಷ್ಟ್ರಾಗಿದ್ದಕ್ಕೆ ನನಗೆ ಒಂದು ದಿನವೂ ಬೇಜಾರಾಗಿಲ್ಲ, ಅದು ನಿನಗೂ ಗೊತ್ತು. ಬೇಜಾರು ಆ ಬಾಗಿಲದ್ದು. ನೀನು ಕನ್ನಡ ಶಾಲೆಯಲ್ಲಿ ಶುರು ಮಾಡಿ, ಬೆಂಗಳೂರಿನಲ್ಲಿ ಕಾಡಿನ ವಿಜ್ಞಾನ ಓದಿ, ಈಗ ಜಪಾನಿನ ಕೃಷಿ ವಿಭಾಗದ ಬಾಗಿಲ ತನಕ ಹೋಗಿದ್ದೀಯ. ಅಲ್ಲಿಂದ ತಿರುಗಿ ಬರಬೇಡ ಅಂತ ಹೇಳಲಿಕ್ಕೇ ಈ ಪತ್ರ.

ನೀನು ಕಳಿಸಿದ ಓರಿಯೆಂಟೇಶನ್ ಪುಸ್ತಿಕೆಯನ್ನು ಎರಡು ಸಲ ಓದಿದೆ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಜಪಾನಿನ ಸೆಂದೈನಲ್ಲಿ ಪಿಎಚ್‌ಡಿ ಮಾಡಿದವಳು, ಅವಳ ಹತ್ತಿರವೂ ಒಂದು ಗಂಟೆ ಮಾತಾಡಿದೆ. ಅವಳು ಹೇಳಿದ ಮೊದಲ ಮಾತೇ ಇದು: 'ಸರ್, ಅಲ್ಲಿ ಕ್ಲಾಸು ತುಂಬಾ ಸೈಲೆಂಟು.' ಯಾರೂ ನಡುವೆ ಪ್ರಶ್ನೆ ಕೇಳುವುದಿಲ್ಲವಂತೆ. ಗೊತ್ತಿಲ್ಲ ಅಂತಲ್ಲ. ಬೇರೆಯವರ ಹೊತ್ತು ತಿನ್ನಬಾರದು ಅನ್ನುವ ಸಂಕೋಚ. ಅವಳು ಮೊದಲ ಎರಡು ತಿಂಗಳು ಅದನ್ನು ತಪ್ಪು ತಿಳಿದು, ಇಲ್ಲಿ ಕೇಳಲೇಬಾರದೇನೋ ಅಂತ ತಾನೂ ಬಾಯಿ ಮುಚ್ಚಿಕೊಂಡಿದ್ದಳಂತೆ.

ಆಮೇಲೆ ಅವಳು ಕಂಡುಕೊಂಡಿದ್ದು ನೋಡು. ಪಾಠ ಮುಗಿದ ಕೂಡಲೇ ನಾಲ್ಕೈದು ಜನ ಮೆಲ್ಲಗೆ ಸೆನ್ಸೇ (ಅಲ್ಲಿ ಮೇಷ್ಟ್ರಿಗೆ ಹಾಗನ್ನುತ್ತಾರೆ) ಮೇಜಿನ ಹತ್ತಿರ ಹೋಗಿ ಸಾಲಾಗಿ ನಿಲ್ಲುತ್ತಾರೆ. ಪ್ರಶ್ನೆ ಕೇಳುವ ಜಾಗ ಅದು. ಇನ್ನೊಂದು, ಎಷ್ಟೋ ಪಾಠಗಳಲ್ಲಿ ಕೊನೆಗೆ 'ರಿಯಾಕ್ಷನ್ ಪೇಪರ್' ಅಂತ ಒಂದು ಚಿಕ್ಕ ಹಾಳೆ ಬರೆಸುತ್ತಾರೆ. ಏನು ತಿಳಿಯಿತು, ಏನು ತಿಳಿಯಲಿಲ್ಲ ಅಂತ ಬರೆದು ಕೊಡುವುದು. ಅವಳ ಒಬ್ಬ ಸೆನ್ಸೇ ಮುಂದಿನ ವಾರ ಅದರಲ್ಲಿದ್ದ ಪ್ರಶ್ನೆಗಳಿಂದಲೇ ಪಾಠ ಶುರು ಮಾಡುತ್ತಿದ್ದರಂತೆ. ನನಗೆ ಇದು ಎಷ್ಟು ಹಿಡಿಸಿತು ಅಂದರೆ, ಹೋದ ವಾರದಿಂದ ನನ್ನ ಒಂಬತ್ತನೇ ಕ್ಲಾಸಿನಲ್ಲೂ ಚೀಟಿ ಬರೆಸಲು ಶುರು ಮಾಡಿದ್ದೇನೆ. ಒಂದು ಹುಡುಗ ಮೊದಲ ಚೀಟಿಯಲ್ಲೇ 'ಷಟ್ಪದಿ ಯಾಕೆ ಬೇಕು ಸಾರ್' ಅಂತ ಬರೆದಿದ್ದ. ಖುಷಿಯಾಯ್ತು. ಅವನು ಇಡೀ ವರ್ಷ ಬಾಯಿ ಬಿಟ್ಟವನಲ್ಲ.

ನಿನಗೂ ಅಂಥ ಹಾಳೆ ಸಿಕ್ಕರೆ ಖಾಲಿ ಕೊಡಬೇಡ. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಜಪಾನಿಯಲ್ಲಿ ಒಂದು ಸಾಲು. ತಪ್ಪಿದ್ದರೂ ಬರಿ.

ಸೆನ್ಸೇ ಕೋಣೆಗೆ ಹೋಗುವುದನ್ನೂ ಅವಳು ವಿವರವಾಗಿ ಹೇಳಿಕೊಟ್ಟಳು. ಮೊದಲು ಈಮೇಲ್ ಮಾಡಿ ಹೊತ್ತು ಕೇಳಬೇಕು. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ಬಾಗಿಲು ಮೂರು ಸಲ ಮೆಲ್ಲಗೆ ತಟ್ಟಿ, 'ಶಿತ್ಸುರೇ ಶಿಮಸು' ಅಂತ ಹೇಳಿ ಒಳಗೆ ಕಾಲಿಡಬೇಕು. ನಿಮ್ಮ ಹತ್ತಿರ ಸಲಿಗೆ ತಗೊಳ್ತಿದ್ದೇನೆ, ತಪ್ಪು ತಿಳಿಯಬೇಡಿ ಅನ್ನುವ ಹಾಗೆ ಅದರ ಅರ್ಥ. ಹೊರಡುವಾಗಲೂ ಅದೇ ಮಾತು. ಇಷ್ಟು ಚೆನ್ನಾಗಿ ಒಳಗೆ ಹೋಗುವ ದಾರಿ ಮಾಡಿಟ್ಟಿದ್ದಾರೆ ಅಂದಮೇಲೆ ಬಾಗಿಲಲ್ಲಿ ನಿಲ್ಲಬೇಕಾಗಿಯೇ ಇಲ್ಲ, ಅಲ್ವಾ?

ಭಾಷೆ ಬರುವುದಿಲ್ಲ ಅಂತ ನೀನು ಮೊನ್ನೆ ಅತ್ತೆ. ಎಲ್ಲರೂ ಬೇಗ ಬೇಗ ಮಾತಾಡ್ತಾರೆ, ನನಗೆ ಬಾಯೇ ಬರುವುದಿಲ್ಲ ಅಂದೆ. ಅವತ್ತು ಸಮಾಧಾನ ಹೇಳಲು ನನಗೆ ಸರಿಯಾದ ಮಾತು ಸಿಗಲಿಲ್ಲ. ಈಗ ಹೇಳುತ್ತೇನೆ ಕೇಳು, ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ನಿನ್ನ ಜೊತೆ ಒಂದು ವರ್ಷ ಜಗಲಿಯಲ್ಲಿ ಕೂತು ಜಪಾನಿ ಅಕ್ಷರ ಹಿರಗಾನ ತಿದ್ದಿದೆನಲ್ಲ, ಆಗ ಕನ್ನಡ ಮೇಷ್ಟ್ರಾಗಿ ನನಗೆ ಕಂಡಿದ್ದು.

ಅವರ ವರ್ಣಮಾಲೆ ಹೇಗೆ ಶುರುವಾಗುತ್ತದೆ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಒಂದು ಸಲ ಗಟ್ಟಿಯಾಗಿ ಹೇಳಿ ನೋಡು. ನಿನ್ನ ಒಂದನೇ ಕ್ಲಾಸಿನ ಗೋಡೆ ಮೇಲಿದ್ದ ಸಾಲೇ ಅಲ್ವಾ, ನಡುನಡುವೆ ಕೆಲವು ಬಿಟ್ಟುಹೋಗಿವೆ ಅಷ್ಟೆ. ಇದು ಆಕಸ್ಮಿಕ ಅಲ್ಲ. ಸಂಸ್ಕೃತದ ಮಂತ್ರ ಓದಲು ಸಿದ್ಧಂ ಎಂಬ ಭಾರತದ ಹಳೆಯ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಈ ಜೋಡಣೆ ಅಲ್ಲಿಗೆ ಬಂತು. ಅರ್ಥಕ್ಕೊಂದು ಅಕ್ಷರ ಇರುವ ಕಾಂಜಿ ಚೀನಾದಿಂದ ಬಂತು, ಅಕ್ಷರಗಳನ್ನು ಸಾಲು ಹಿಡಿದು ನಿಲ್ಲಿಸಿದ ಕ್ರಮ ನಮ್ಮ ಕಡೆಯಿಂದ ಹೋಯಿತು.

ವಾಕ್ಯಕ್ಕೆ ಬಾ. ಇಂಗ್ಲಿಷಿನವರಿಗೆ ಜಪಾನಿ ಅಂದರೆ ತಲೆಕೆಳಗು. ನಮಗೆ ನೆಟ್ಟಗೇ ಇದೆ. 'ದೈಗಾಕು ಎ ಇಕಿಮಸು': ವಿಶ್ವವಿದ್ಯಾಲಯ, ಕ್ಕೆ, ಹೋಗುತ್ತೇನೆ. ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿ ಹೆಸರಿನ ಹಿಂದೆ, ಎಲ್ಲ ನಮ್ಮ ಹಾಗೆಯೇ. 'ತಬೆತೆ ಮಿಮಸು' ಅಂದರೆ ತಿಂದು ನೋಡುತ್ತೇನೆ. ಅಲ್ಲೂ 'ನೋಡು' ಅನ್ನುವುದು ಕಣ್ಣಿಂದ ನೋಡುವುದಲ್ಲ, ನಮ್ಮಲ್ಲೂ ಅಲ್ಲ. 'ತಬೆತೆ ಶಿಮತ್ತಾ' ಅಂದರೆ ತಿಂದುಬಿಟ್ಟೆ. ಆ 'ಬಿಟ್ಟೆ'ಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ನಿನಗೆ ಬೇಡ, ನೀನು ಅದರಲ್ಲೇ ಬೆಳೆದವಳು. 'ತೊ' ಅಂದರೆ ನಮ್ಮ 'ಅಂತ'. ಮಿನುಗುವುದಕ್ಕೆ ಅವರು 'ಕಿರಕಿರ' ಅನ್ನುತ್ತಾರೆ, ನಾವು 'ಮಿಣಮಿಣ' ಅನ್ನುತ್ತೇವೆ. ಗುಡುಗಿಗೆ ಅವರದು 'ಗೊರೊಗೊರೊ', ನಮ್ಮದು 'ಗುಡುಗುಡು'.

ಹೀಗಂತ ಎರಡೂ ಅಕ್ಕತಂಗಿ ಭಾಷೆ ಅಂದುಕೊಳ್ಳಬೇಡ. ಜಪಾನಿಗೆ ತಮಿಳಿನ ನಂಟಿದೆ ಅಂತ ಸುಸುಮು ಓನೊ ಎಂಬ ವಿದ್ವಾಂಸರು ತುಂಬಾ ವಾದ ಮಾಡಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ನಡಿಗೆ ಒಂದೇ ಥರ ಇದೆ. ಹಾಗಾಗಿ ಜಪಾನಿಯಲ್ಲಿ ಮಾತಾಡುವಾಗ ಮನಸ್ಸಿನಲ್ಲಿ ಇಂಗ್ಲಿಷಿನಿಂದ ತಿರುಗಿಸಬೇಡ. ಕನ್ನಡದಿಂದ ಹೋಗು. ದಾರಿ ಹತ್ತಿರ. ಕಾಂಜಿ ಮಾತ್ರ ಕಷ್ಟವೇ. ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿರುವುದೇ 2,136. ದಿನಕ್ಕೆ ಮೂರು ತಿದ್ದು, ಸಾಕು. ಅದಕ್ಕೆ ಬೇರೆ ಉಪಾಯ ಇಲ್ಲ.

ಮರ್ಯಾದೆಯ ಮಾತೂ ನಿನಗೆ ಹೊಸದಲ್ಲ. ನೀನು, ನೀವು, ಬಂದ, ಬಂದರು ಅಂತ ನಾವು ಯೋಚಿಸದೆಯೇ ಬದಲಾಯಿಸುತ್ತೇವಲ್ಲ, ಅವರೂ ಹಾಗೇ. ಬೇರೆಯವರ ಹೆಸರಿಗೆ 'ಸಾನ್' ಸೇರಿಸು, ನಿನ್ನ ಹೆಸರಿಗೆ ಎಂದೂ ಸೇರಿಸಬೇಡ. ಯಾರನ್ನಾದರೂ ಏನಾದರೂ ಕೇಳಿದಾಗ 'ಚೊತ್ತೊ...' ಅಂತ ಎಳೆದು ಸುಮ್ಮನಾದರೆ ಅದು ಇಲ್ಲ ಅಂತಲೇ. ನಮ್ಮ ಅಜ್ಜಿಯ 'ನೋಡೋಣ ಬಿಡು' ನೆನಪಿದೆಯಲ್ಲ, ಅದೇ.

ಇಷ್ಟರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮನೆಯಿಂದ ಹೊರಡುವಾಗ ಅವರು ಹೇಳುವ ಮಾತು. 'ಇತ್ತೆ ಕಿಮಸು.' ಇತ್ತೆ ಅಂದರೆ ಹೋಗಿ. ಕಿಮಸು ಅಂದರೆ ಬರುತ್ತೇನೆ. ನಮ್ಮ ಮನೆಯಲ್ಲಿ ಬರೀ 'ಹೋಗ್ತೀನಿ' ಅಂದರೆ ಅಜ್ಜಿ ಬಾಗಿಲಿಂದ ವಾಪಸ್ ಕರೆದು 'ಹೋಗಿ ಬರ್ತೀನಿ' ಅನ್ನಿಸಿ ಕಳಿಸುತ್ತಿದ್ದಳು. ಇದನ್ನು ಅವಳಿಗೆ ಓದಿ ಹೇಳಿದೆ. 'ಒಳ್ಳೆ ಜನ ಹಾಗಾದರೆ' ಅಂದಳು. ಆಮೇಲೆ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಇನ್ನು ಕೆಲವು ಕೆಲಸದ ಮಾತು.

ಏರ್‌ಪೋರ್ಟಿನಲ್ಲಿ ಕೊಟ್ಟ ರೆಸಿಡೆನ್ಸ್ ಕಾರ್ಡ್ ಯಾವಾಗಲೂ ಜೊತೆಗಿರಲಿ. ಮನೆ ಸೇರಿದ ಹದಿನಾಲ್ಕು ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು, ಇನ್ನೂ ಮಾಡಿಲ್ಲ ಅಂದಿದ್ದೆ. ಈ ವಾರವೇ ಮುಗಿಸು. ಅಲ್ಲೇ ರಾಷ್ಟ್ರೀಯ ಆರೋಗ್ಯ ವಿಮೆಯನ್ನೂ ಮಾಡಿಸು. ಅದಿದ್ದರೆ ಡಾಕ್ಟರ ಹತ್ತಿರ ಹೋದಾಗ ಖರ್ಚಿನ ನೂರಕ್ಕೆ ಮೂವತ್ತು ಭಾಗ ಮಾತ್ರ ನಿನ್ನದು. ಜ್ವರ ಬಂದರೆ ದುಡ್ಡು ಉಳಿಸಲು ಹೋಗಿ ಮಲಗಿರಬೇಡ. ನಿನಗೆ ಅಂತ ಕೊಟ್ಟಿರುವ ಟ್ಯೂಟರ್ ಹುಡುಗಿಯನ್ನು ವಾರ್ಡ್ ಆಫೀಸಿಗೆ ಕರೆದುಕೊಂಡು ಹೋಗು. ಅವಳಿಗೆ ತೊಂದರೆ ಕೊಟ್ಟ ಹಾಗಾಗುತ್ತದೆ ಅನ್ನುತ್ತೀಯ. ಹೊಸಬರಿಗೆ ಸಹಾಯ ಮಾಡಲು ಅಂತಲೇ ಅವಳನ್ನು ಇಟ್ಟಿರುವುದು, ಕೇಳು.

ಯಾವ ಯಾವ ಪಾಠ ತಗೊಳ್ಳುತ್ತೀಯ ಅಂತ ಹೆಸರು ಕೊಡುವ ಗಡುವು ತಪ್ಪಿಸಬೇಡ. ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. ಒಂದು ಪಾಠ ತೊಂಬತ್ತು ನಿಮಿಷ, ವಾರಕ್ಕೊಂದು ಸಲ, ಸೆಮಿಸ್ಟರಿಗೆ ಹದಿನೈದರ ಹತ್ತಿರ. ಒಂದು ತಪ್ಪಿದರೂ ಜಾಸ್ತಿಯೇ ತಪ್ಪಿದ ಹಾಗೆ. ಪಾರ್ಟ್‌ಟೈಮ್ ಕೆಲಸಕ್ಕೆ, ಅವರ 'ಅರುಬೈತೊ'ಗೆ, ಅನುಮತಿ ಇದ್ದರೆ ವಾರಕ್ಕೆ 28 ಗಂಟೆ ಮಾಡಬಹುದು. ನೀನು ಅಷ್ಟು ಮಾಡುವುದು ನನಗೆ ಬೇಡ. ಇರುವುದು ಒಂದೇ ವರ್ಷ. ದುಡ್ಡು ಕಡಿಮೆ ಬಿದ್ದರೆ ಹೇಳು, ಈ ಸಲ ಅಡಿಕೆಗೆ ಧಾರಣೆ ಇದೆ.

ಸೈಕಲ್ ತಗೊಂಡರೆ ಅಂಗಡಿಯಲ್ಲೇ ನೋಂದಣಿ ಮಾಡಿಸು. ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸಬೇಡ. ಇಲ್ಲಿ ಅದೇ ನಿನ್ನ ಅಭ್ಯಾಸ, ಅಲ್ಲಿ ಅದು ತಪ್ಪು. ಭೂಕಂಪದ ವಿಷಯಕ್ಕೆ ಅಮ್ಮನಿಗೆ ನಿದ್ದೆ ಬರುತ್ತಿಲ್ಲ. 1995ರಲ್ಲಿ ಕೋಬೆಯಲ್ಲಿ ಆದಾಗ ಆರು ಸಾವಿರಕ್ಕೂ ಮೀರಿ ಜನ ಸತ್ತರು, ಕೋಬೆ ನಿನಗೆ ದೂರವೇನಲ್ಲ. ಮಂಚದ ಪಕ್ಕದಲ್ಲಿ ಚಪ್ಪಲಿ, ಟಾರ್ಚು, ಒಂದು ಬಾಟಲಿ ನೀರು ಇಟ್ಟುಕೊಂಡಿರು. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಬಾರದು. ಆಂಬುಲೆನ್ಸಿಗೆ 119, ಪೊಲೀಸರಿಗೆ 110.

ಊಟದ ಬಗ್ಗೆ ಅಮ್ಮ ಬೇರೆ ಬರೆಯುತ್ತಾಳೆ. ನಾನು ಒಂದೇ ಹೇಳುತ್ತೇನೆ. ಮಾಂಸ ಬೇಡ ಅಂದರೂ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ 'ದಾಶಿ' ಇರುತ್ತದೆ. ಹೆಚ್ಚಾಗಿ ಅದು ಒಣಮೀನಿನ ರಸ. ಬೇಡ ಅನ್ನಿಸಿದರೆ ಕ್ಯಾಂಟೀನಿನಲ್ಲಿ ಬಾಯಿಬಿಟ್ಟು ಕೇಳು. ತಿನ್ನಬೇಕು ಅನ್ನಿಸಿದರೆ ತಿನ್ನು. ಅದು ನಿನ್ನ ನಿರ್ಧಾರ, ನನಗೆ ಹೇಳಲೇಬೇಕು ಅಂತಿಲ್ಲ, ಹೇಳಿದರೆ ಬೇಜಾರೂ ಇಲ್ಲ. ಉಪವಾಸ ಮಾತ್ರ ಇರಬೇಡ. ಅನ್ನದ ಉಂಡೆಯೊಳಗೆ 'ಉಮೆಬೋಶಿ' ಇಟ್ಟು ಮಾರುತ್ತಾರಲ್ಲ, ಆ ಹುಳಿ ಉಪ್ಪಿನ ಕಾಯಿ, ಅದನ್ನು ಬಾಯಿಗಿಟ್ಟ ಕೂಡಲೇ ನಮ್ಮ ಅಪ್ಪೆಮಿಡಿ ನೆನಪಾಯಿತು ಅಂತ ಸೆಂದೈನವಳು ಹೇಳಿದಳು. ಮೊಸರು ಬೇಕಾದರೆ 'ಪುರೇನ್' ಅಂತ ಬರೆದ ಡಬ್ಬಿ ನೋಡು, ಅದಕ್ಕೆ ಸಕ್ಕರೆ ಹಾಕಿರುವುದಿಲ್ಲ.

ಕ್ಯೋಟೋದ ಚಳಿಗೆ 'ಸೊಕೊಬಿಎ' ಅಂತ ಹೆಸರೇ ಇದೆ. ಮೂರು ಕಡೆ ಗುಡ್ಡ, ನಡುವೆ ಊರು, ಚಳಿ ನೆಲದಿಂದ ಮೇಲೆ ಹತ್ತುತ್ತದಂತೆ. ಜನವರಿಗೆ ಮುಂಚೆ ದಪ್ಪ ಕಾಲುಚೀಲ ತಗೋ. ಆಗ ಕತ್ತಲೂ ಬೇಗ ಆಗುತ್ತದೆ, ಮನೆ ನೆನಪೂ ಜಾಸ್ತಿ ಆಗುತ್ತದೆ. ಅಳು ಬಂದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಚೆನ್ನಾಗಿದ್ದೇನೆ ಅಂತ ಸುಳ್ಳು ಹೇಳಬೇಡ ಪುಟ್ಟಿ. ನಾನು ಶಿವಮೊಗ್ಗದಿಂದ ಪ್ರತಿ ಕಾಗದದಲ್ಲೂ ಅಜ್ಜನಿಗೆ 'ಓದು ಚೆನ್ನಾಗಿ ಸಾಗುತ್ತಿದೆ' ಅಂತಲೇ ಬರೆಯುತ್ತಿದ್ದೆ.

ನೀನು ಕಳಿಸಿದ ನದಿಯ ಫೋಟೋ ದಿನಾ ನೋಡುತ್ತೇನೆ. ಕಾಮೊ, ತಕಾನೊ ಎರಡು ಹೊಳೆ ಸೇರುವ ಜಾಗ, ನಡುವೆ ಆಮೆ ಆಕಾರದ ಕಲ್ಲುಗಳ ಮೇಲೆ ಹಾರಿಕೊಂಡು ದಾಟುತ್ತಿರುವ ಮಕ್ಕಳು. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವುದನ್ನು ನೋಡಲು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ, ನಿನಗೆ ಆಗ ನಾಲ್ಕು ವರ್ಷ.

ನಿನ್ನ ಫೋಟೋದ ಆ ಸಂಗಮದ ಬದಿಯಲ್ಲೇ ಶಿಮೊಗಾಮೊ ದೇವಸ್ಥಾನ ಇದೆ. ನಮ್ಮ ಶಿವಮೊಗ್ಗದ ಹಾಗೇ ಕೇಳಿಸುತ್ತದೆ ಅಂತ ಅಮ್ಮ ನಕ್ಕಳು. ಅದರ ಸುತ್ತ 'ತದಸು ನೊ ಮೊರಿ' ಅಂತ ಹಳೆಯ ಕಾಡು, ಊರ ನಡುವೆ ಸುಮಾರು 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಮೂವತ್ತು ಎಕರೆ. ನಿನ್ನ ಕ್ಯಾಂಪಸ್ಸಿನಿಂದ ನಡೆದೇ ಹೋಗಬಹುದು. ನಮ್ಮಲ್ಲಿ ಚೌಡಿಬನ, ನಾಗಬನ ಇದ್ದ ಹಾಗೆ ಅಲ್ಲೂ ದೇವರ ಗುಡಿಯ ಸುತ್ತ ಕಾಡು ಬಿಡುವ ರೂಢಿ ಇದೆ. ಅದಕ್ಕೆ 'ಚಿಂಜು ನೊ ಮೊರಿ' ಅನ್ನುತ್ತಾರೆ. ನಮ್ಮ ಮನೆ ಹಿಂದಿನ ಬನದಲ್ಲಿ ಒಣಗಿದ ಕೊಂಬೆಯನ್ನೂ ಒಲೆಗೆ ತರಬಾರದು ಅಂತ ಅಜ್ಜಿ ಬಿಡುತ್ತಿರಲಿಲ್ಲ. ಹಾಗಿದ್ದೂ ಆ ಬನ ನಾನು ಚಿಕ್ಕವನಿದ್ದಾಗ ಇದ್ದಿದ್ದರ ಅರ್ಧಕ್ಕೆ ಬಂದಿದೆ. ಅವರದು ಊರ ನಡುವೆ ಇದ್ದೂ ಹೇಗೆ ಉಳಿಯಿತು? ಗಾಳಿಗೆ ಬಿದ್ದ ಮರವನ್ನು ಅಲ್ಲಿ ಯಾರು ಎತ್ತುತ್ತಾರೆ? ಹೊಸ ಸಸಿ ನೆಡುತ್ತಾರಾ, ತಾನೇ ಹುಟ್ಟಲಿ ಅಂತ ಬಿಡುತ್ತಾರಾ?

ಇದು ನನಗೆ ನಿಜವಾಗಿಯೂ ಗೊತ್ತಾಗಬೇಕು. ನೀನು ಕಾಡು ಓದಲು ಹೋದವಳು. ಮೊದಲ ವಾರದಲ್ಲೇ ಯಾವುದಾದರೂ ಪಾಠ ಮುಗಿದಮೇಲೆ ಸೆನ್ಸೇ ಮೇಜಿನ ಹತ್ತಿರ ಸಾಲಿನಲ್ಲಿ ನಿಂತು ಇದನ್ನು ಕೇಳು. ಏನು ಕೇಳಲಿ ಅಂತ ಯೋಚಿಸುತ್ತಾ ಕೂರುವುದು ಬೇಡ, ನನ್ನ ಪ್ರಶ್ನೆಯನ್ನೇ ತಗೊಂಡು ಹೋಗು. ಶುರು ಮಾಡಲು ವಾಕ್ಯವನ್ನೂ ಬರೆದಿಟ್ಟಿದ್ದೇನೆ, ತಪ್ಪಿದ್ದರೆ ತಿದ್ದಿಕೋ: 'ಕೊನೊ ಮೊರಿ ವ ದರೆ ನೊ ದೆಸು ಕ?' ಈ ಕಾಡು ಯಾರದು?

ಅವರು ಏನು ಹೇಳಿದರು ಅಂತ ಭಾನುವಾರ ಫೋನಿನಲ್ಲಿ ಹೇಳು. ನೋಟ್‌ಬುಕ್ ಹಿಡಿದುಕೊಂಡು ಕೂತಿರುತ್ತೇನೆ.

ನಿನ್ನ
ಅಪ್ಪ